ಮೊದಲ ಬಿಡಿ ಹರಳು: ಬಣ್ಣ ಮತ್ತು ಗುಣಮಟ್ಟವನ್ನು ಕಣ್ಣಾರೆ ಅಳೆಯುವ ಬಗೆ

ನಾನು ಕೊಂಡ ಮೊದಲ ನೀಲಮಣಿ ಅಂಗಡಿಯ ದೀಪಗಳ ಕೆಳಗೆ ಕಣ್ಣು ಕೋರೈಸುವ ನೀಲಿಯಾಗಿತ್ತು. ಮರುದಿನ ಬೆಳಗ್ಗೆ ಕಿಟಕಿಯ ಪಕ್ಕ ಕುಳಿತು ಪೊಟ್ಟಣ ಬಿಚ್ಚಿದೆ. ಬಿಳಿ ಕಾಗದದ ಮೇಲೆ ಶಾಯಿಯ ಹನಿಯೊಂದು ಕುಳಿತಂತೆ ಕಂಡಿತು. ಅಂಚಿನಲ್ಲಿ ಎಳೆಯಷ್ಟು ನೀಲಿ, ನಡುವೆಲ್ಲ ಕಪ್ಪು. ಹರಳು ಅಸಲಿಯೇ ಆಗಿತ್ತು, ತೂಕವೂ ಸರಿಯಾಗಿತ್ತು, ಮಾರಿದವರು ಸುಳ್ಳು ಹೇಳಿರಲಿಲ್ಲ. ಒಂದೇ ಬಗೆಯ ಬೆಳಕಿನಲ್ಲಿ, ಒಂದೇ ಕಡೆಯಿಂದ, ಎರಡು ನಿಮಿಷ ನೋಡಿ ನಾನು ಒಪ್ಪಿಕೊಂಡುಬಿಟ್ಟಿದ್ದೆ.

ಅಂದಿನಿಂದ ಹರಳು ನೋಡಲು ಕೂರುವಾಗಲೆಲ್ಲ ಒಂದು ವಿಷಯವನ್ನು ಮನಸ್ಸಿನಲ್ಲಿ ಇಟ್ಟುಕೊಂಡಿರುತ್ತೇನೆ. ಹರಳಿನ ಬಣ್ಣವನ್ನು ಹರಳೊಂದೇ ತೀರ್ಮಾನಿಸುವುದಿಲ್ಲ. ಮೇಲೆ ಬೀಳುವ ಬೆಳಕು, ಸಾಣೆ ಹಿಡಿದ ಕೋನ ಮತ್ತು ನೋಡುವ ಕಣ್ಣು ಕೂಡ ಅದರಲ್ಲಿ ಪಾಲು ಪಡೆಯುತ್ತವೆ. ಇವನ್ನು ಒಂದೊಂದಾಗಿ ಬದಲಾಯಿಸಿ ನೋಡಲು ಕಲಿತರೆ, ಪ್ರಯೋಗಾಲಯದ ಉಪಕರಣವಿಲ್ಲದೆಯೇ ಒಳ್ಳೆಯ ಹರಳು ಯಾವುದು, ಸಾಧಾರಣ ಹರಳು ಯಾವುದು ಎಂದು ಬಹುಮಟ್ಟಿಗೆ ಹೇಳಬಹುದು. ಆಭರಣದಲ್ಲಿ ಕಟ್ಟಿದ ಹರಳಿಗಿಂತ ಬಿಡಿ ಹರಳಿನಲ್ಲಿ ಇದನ್ನು ಕಲಿಯುವುದು ಸುಲಭ. ಕಟ್ಟಿದ ಹರಳಿನ ಕೆಳಭಾಗ ಲೋಹದೊಳಗೆ ಅಡಗಿರುತ್ತದೆ, ಲೋಹದ ಬಣ್ಣವೂ ಹರಳಿಗೆ ಅಂಟುತ್ತದೆ. ಬಿಡಿ ಹರಳನ್ನು ಎಲ್ಲ ಕಡೆಯಿಂದಲೂ ತಿರುಗಿಸಿ ನೋಡಬಹುದು.

ಹೆಜ್ಜೆ 1: ಹರಳು ಎಲ್ಲಿ ಕೂರಬೇಕೆಂದು ಮೊದಲೇ ನಿರ್ಧರಿಸಿ

ಉಂಗುರಕ್ಕೋ, ಪದಕಕ್ಕೋ, ಓಲೆಗೋ, ಇಲ್ಲವೇ ಸುಮ್ಮನೆ ಪೆಟ್ಟಿಗೆಯಲ್ಲಿಟ್ಟು ನೋಡಿ ಸಂತೋಷಪಡುವುದಕ್ಕೋ? ಕೈ ದಿನವಿಡೀ ಗೋಡೆಗೂ ಮೇಜಿಗೂ ತಾಗುತ್ತಿರುತ್ತದೆ. ಆದ್ದರಿಂದ ದಿನನಿತ್ಯದ ಉಂಗುರಕ್ಕೆ ಗಟ್ಟಿ ಹರಳೇ ಬೇಕು. ಫ್ರೆಡ್ರಿಕ್ ಮೋಸ್ 1812ರಲ್ಲಿ ರೂಪಿಸಿದ ಗಡಸುತನದ ಮಾಪಕವನ್ನೇ ಇಂದಿಗೂ ಬಳಸುತ್ತಾರೆ. ಅದರಲ್ಲಿ ವಜ್ರಕ್ಕೆ 10, ಮಾಣಿಕ್ಯ ಮತ್ತು ನೀಲಮಣಿಗೆ 9, ಸ್ಪಿನೆಲ್ ಮತ್ತು ಟೋಪಾಜ್‌ಗೆ 8, ಪಚ್ಚೆಗೆ ಏಳೂವರೆಯಿಂದ 8, ಅಮೆಥಿಸ್ಟ್‌ಗೆ 7. ಮನೆಯ ಧೂಳಿನಲ್ಲಿ ಸ್ಫಟಿಕದ ಸಣ್ಣ ಕಣಗಳಿರುತ್ತವೆ, ಅವುಗಳ ಗಡಸುತನವೂ 7. ಅದಕ್ಕಿಂತ ಮೃದುವಾದ ಓಪಲ್, ಟಾಂಜನೈಟ್‌ಗಳನ್ನು ದಿನವೂ ಉಂಗುರದಲ್ಲಿ ಧರಿಸಿದರೆ ಧೂಳು ಒರೆಸಿದ್ದಕ್ಕೇ ವರ್ಷಗಳು ಕಳೆದಂತೆ ಹೊಳಪು ಮಾಸುತ್ತದೆ.

ಗೀರು ಬೀಳದಿರುವುದು ಬೇರೆ, ಒಡೆಯದಿರುವುದು ಬೇರೆ. ಟೋಪಾಜ್ ಸುಲಭಕ್ಕೆ ಗೀರಾಗದು, ಆದರೆ ಒಂದು ದಿಕ್ಕಿನಲ್ಲಿ ಪೆಟ್ಟು ಬಿದ್ದರೆ ಸೀಳಿಹೋಗುತ್ತದೆ. ಗಡಸುತನ ಆರರ ಆಸುಪಾಸಿನಲ್ಲಿರುವ ನೆಫ್ರೈಟ್ ಜೇಡ್ ಮಾತ್ರ ಒಡೆಯಲು ಬಹಳ ಹಟ ಮಾಡುತ್ತದೆ.

ಹೆಜ್ಜೆ 2: ಬೆಳಕನ್ನು ನೀವೇ ಆರಿಸಿಕೊಳ್ಳಿ

ಅಂಗಡಿಯ ಗಾಜಿನ ಪೆಟ್ಟಿಗೆಯ ಮೇಲೆ ಸಣ್ಣ ಸಣ್ಣ ಪ್ರಖರ ದೀಪಗಳು ಸಾಲಾಗಿರುತ್ತವೆ. ಇಂಥ ಬಿಂದುದೀಪಗಳ ಕೆಳಗೆ ಯಾವ ಹರಳಾದರೂ ಮಿನುಗುತ್ತದೆ. ಪ್ರತಿ ಮುಖದಿಂದಲೂ ಒಂದೊಂದು ದೀಪದ ಪ್ರತಿಬಿಂಬ ಪುಟಿದು ಕಣ್ಣಿಗೆ ಹೊಡೆಯುತ್ತದೆ. ತೀರಾ ಗಾಢವಾದ ಹರಳು ಇಲ್ಲಿ ಬಚ್ಚಿಟ್ಟುಕೊಳ್ಳುವಷ್ಟು ಚೆನ್ನಾಗಿ ಬೇರೆಲ್ಲಿಯೂ ಬಚ್ಚಿಟ್ಟುಕೊಳ್ಳಲಾರದು. ನನ್ನ ನೀಲಮಣಿ ಅಂಗಡಿಯಲ್ಲಿ ಬೆಳಗಿದ್ದೂ ಹೀಗೆಯೇ.

ಹಾಗಾಗಿ ಮೊದಲ ಕೆಲಸ, ಹರಳನ್ನು ಕಿಟಕಿಯ ಬಳಿ ಒಯ್ಯಲು ಅನುಮತಿ ಕೇಳುವುದು. ಒಳ್ಳೆಯ ವ್ಯಾಪಾರಿ ಬೇಡವೆನ್ನುವುದಿಲ್ಲ. ನೇರ ಬಿಸಿಲು ಬೇಡ, ಅದೂ ಒಂದು ದೊಡ್ಡ ಬಿಂದುದೀಪವೇ. ಬಿಸಿಲು ಬೀಳದ ಕಿಟಕಿಯಿಂದ ಬರುವ ಹರಡಿದ ಹಗಲು ಬೆಳಕು ಬೇಕು. ಭೂಮಧ್ಯರೇಖೆಯಿಂದ ಉತ್ತರಕ್ಕಿರುವ ದೇಶಗಳಲ್ಲಿ ಉತ್ತರದ ಕಿಟಕಿಯನ್ನು ಹರಳು ನೋಡುವವರು ಮೆಚ್ಚುವುದು ಇದೇ ಕಾರಣಕ್ಕೆ. ಬೆಳಗಿನ ಮತ್ತು ಸಂಜೆಯ ಬೆಳಕಿನಲ್ಲಿ ಹಳದಿ ಕೆಂಪು ಹೆಚ್ಚು, ಅದರಿಂದ ನಡುಹಗಲಿನ ಆಚೀಚೆಯ ಹೊತ್ತು ಒಳ್ಳೆಯದು.

ಆಮೇಲೆ ಅದೇ ಹರಳನ್ನು ಹಳದಿ ಛಾಯೆಯ ಮನೆದೀಪದ ಕೆಳಗೆ ನೋಡಿ. ತಂತಿ ಕಾದು ಉರಿಯುವ ಹಳೆಯ ಬಲ್ಬಿನ ಬೆಳಕಿನಲ್ಲಿ ಕೆಂಪು ಧಾರಾಳ, ನೀಲಿ ಕಡಿಮೆ. ಅದಕ್ಕೇ ಮಾಣಿಕ್ಯ, ಕೆಂಪು ಸ್ಪಿನೆಲ್, ಗಾರ್ನೆಟ್‌ಗಳು ಅಲ್ಲಿ ಅರಳುತ್ತವೆ. ನೀಲಮಣಿ ಕುಗ್ಗುತ್ತದೆ, ಕೆಲವು ನೀಲಮಣಿಗಳು ನೇರಳೆಗೆ ವಾಲುತ್ತವೆ. ಬಿಳಿಯ ಎಲ್‌ಇಡಿ ದೀಪಗಳಲ್ಲಿ ಎಲ್ಲವೂ ಒಂದೇ ತೆರನಲ್ಲ, ಅಗ್ಗದವುಗಳಲ್ಲಿ ಕೆಂಪಿನ ಭಾಗ ಬಡವಾಗಿರುವುದರಿಂದ ಮಾಣಿಕ್ಯ ಸತ್ತಂತೆ ಕಾಣಬಹುದು. ಈ ಆಟದ ತುತ್ತತುದಿಯಲ್ಲಿರುವುದು ಅಲೆಕ್ಸಾಂಡ್ರೈಟ್. 1830ರ ದಶಕದಲ್ಲಿ ಯೂರಲ್ ಪರ್ವತಗಳಲ್ಲಿ ಸಿಕ್ಕ ಈ ಹರಳು ಹಗಲಲ್ಲಿ ಹಸಿರು, ಮೇಣದಬತ್ತಿಯ ಬೆಳಕಿನಲ್ಲಿ ಕೆಂಪು. ಅಲೆಕ್ಸಾಂಡ್ರೈಟ್‌ನಲ್ಲಿ ಈ ಬದಲಾವಣೆ ಗುಣ. ನೀವು ನೀಲಿಯೆಂದು ಕೊಂಡ ಹರಳು ರಾತ್ರಿ ಬೂದು ಬಣ್ಣಕ್ಕೆ ತಿರುಗಿದರೆ ಅದು ದೋಷ.

ನಿಮ್ಮ ಉಡುಪಿನ ಬಣ್ಣವೂ ಹರಳಿಗೆ ಹತ್ತುತ್ತದೆ. ಕೆಂಪು ಅಂಗಿ ತೊಟ್ಟು ಪಚ್ಚೆ ನೋಡಲು ಹೋಗಬೇಡಿ, ಬಿಳಿ, ಬೂದು ಅಥವಾ ಕಪ್ಪು ಬಟ್ಟೆ ಸಾಕು. ಹರಳನ್ನು ಸುತ್ತಿಟ್ಟ ಪೊಟ್ಟಣದ ಒಳಕಾಗದ ಕೆಲವೊಮ್ಮೆ ತೆಳುನೀಲಿಯಾಗಿರುತ್ತದೆ. ಹರಳನ್ನು ಅದರಿಂದ ಎತ್ತಿ ಅಚ್ಚ ಬಿಳಿ ಕಾಗದದ ಮೇಲೆ ಇಡಿ, ಬಳಿಕ ಎರಡು ಬೆರಳುಗಳ ಸಂದಿನಲ್ಲಿ ಕೂರಿಸಿ ನೋಡಿ. ಧರಿಸಿದಾಗ ಹರಳಿನ ಹಿಂದೆ ಇರುವುದು ಚರ್ಮವೇ ಆದ್ದರಿಂದ ಬೆರಳಸಂದಿನ ನೋಟ ಹೆಚ್ಚು ನಿಜ.

ಕಣ್ಣಿಗೂ ದಣಿವಿದೆ. ಸತತವಾಗಿ ಹತ್ತು ಕೆಂಪು ಹರಳು ನೋಡಿದರೆ ಹನ್ನೊಂದನೆಯದು ಮಂಕಾಗಿ ಕಾಣುತ್ತದೆ, ಆ ಮಂಕು ನಿಮ್ಮ ಕಣ್ಣಿನದು. ನಡುನಡುವೆ ಬೂದು ಗೋಡೆಯನ್ನೋ ಬಿಳಿ ಕಾಗದವನ್ನೋ ಒಂದು ನಿಮಿಷ ನೋಡಿ. ಕೆಂಪು ಹಸಿರಿನ ವರ್ಣಗುರುಡು ಹೆಂಗಸರಿಗಿಂತ ಗಂಡಸರಲ್ಲಿ ಬಹಳ ಹೆಚ್ಚು. ಸಂದೇಹವಿದ್ದರೆ ಬಣ್ಣ ನೋಡಲು ನಂಬಿಕೆಯ ಇನ್ನೊಬ್ಬರನ್ನು ಕರೆದೊಯ್ಯಿರಿ.

ಹೆಜ್ಜೆ 3: ಬಣ್ಣವನ್ನು ಮೂರು ಪ್ರಶ್ನೆಗಳಾಗಿ ಬಿಡಿಸಿ

"ಬಣ್ಣ ಚೆನ್ನಾಗಿದೆ" ಎಂಬ ಮಾತಿನಿಂದ ಹೋಲಿಕೆ ಸಾಧ್ಯವಿಲ್ಲ. ರತ್ನಶಾಸ್ತ್ರಜ್ಞರು ಬಣ್ಣವನ್ನು ವರ್ಣ, ಗಾಢತೆ, ತೀವ್ರತೆ ಎಂದು ಮೂರಾಗಿ ಬಿಡಿಸುತ್ತಾರೆ. ಈ ಮೂರನ್ನು ಬೇರೆಬೇರೆಯಾಗಿ ಕೇಳಿಕೊಳ್ಳುವ ಅಭ್ಯಾಸವಾದರೆ ಅರ್ಧ ವಿದ್ಯೆ ಕೈವಶವಾದಂತೆ.

ವರ್ಣ ಎಂದರೆ ಕೆಂಪೋ, ನೀಲಿಯೋ, ಹಸಿರೋ ಎಂಬುದು, ಜೊತೆಗೆ ಅದು ಯಾವ ಕಡೆಗೆ ವಾಲಿದೆ ಎಂಬುದು. ಮಾಣಿಕ್ಯ ಕಿತ್ತಳೆಯ ಕಡೆಗೋ ನೇರಳೆಯ ಕಡೆಗೋ ವಾಲಬಹುದು. ಪಚ್ಚೆ ನೀಲಿಗೋ ಹಳದಿಗೋ ವಾಲಬಹುದು. ಸ್ವಲ್ಪ ವಾಲುವುದು ತಪ್ಪಲ್ಲ. ಸ್ವಲ್ಪ ನೀಲಿ ಬೆರೆತ ಪಚ್ಚೆಯ ಹಸಿರನ್ನು ಮೆಚ್ಚುವವರು ಬಹಳ. ಹಳದಿ ಹೆಚ್ಚಾದಂತೆ ಪಚ್ಚೆಯ ಬೆಲೆ ಇಳಿಯುತ್ತದೆ.

ಗಾಢತೆ ಎಂದರೆ ಎಷ್ಟು ತೆಳು, ಎಷ್ಟು ದಟ್ಟ ಎಂಬುದು. ನೀರಿಗೆ ಒಂದು ಹನಿ ಶಾಯಿ ಬೆರೆಸಿದ ನೀಲಿಯಿಂದ ಹಿಡಿದು ಶಾಯಿಯ ಬುಡ್ಡಿಯ ತಳದ ಕಪ್ಪಿನವರೆಗೆ ಇದು ಹರಡಿದೆ. ಬಹುತೇಕ ಹರಳುಗಳಿಗೆ ಮಧ್ಯಮ ಅಥವಾ ಅದಕ್ಕಿಂತ ಒಂದಿಷ್ಟು ಗಾಢವಾದ ಬಣ್ಣ ಒಪ್ಪುತ್ತದೆ. ಅಕ್ವಾಮರೀನ್ ಮತ್ತು ಮೋರ್ಗನೈಟ್‌ಗಳ ಸೊಗಸೇ ಅವುಗಳ ತಿಳಿಬಣ್ಣದಲ್ಲಿದೆ, ಅವು ಈ ಮಾತಿಗೆ ಹೊರತು. ಹೊಸಬರು ಮಾಡುವ ದೊಡ್ಡ ತಪ್ಪು "ದಟ್ಟವಾದಷ್ಟೂ ಉತ್ತಮ" ಎಂದು ನಂಬುವುದು. ಹರಳು ದೊಡ್ಡದಾದಂತೆ ಬೆಳಕು ಅದರೊಳಗೆ ಹೆಚ್ಚು ದೂರ ಸಾಗಿ ಬರಬೇಕಾಗುತ್ತದೆ, ಬಣ್ಣ ಮತ್ತಷ್ಟು ದಟ್ಟವಾಗುತ್ತದೆ. ಮೂರು ಮಿಲಿಮೀಟರ್‌ನಲ್ಲಿ ಮುದ್ದಾಗಿ ಕಾಣುವ ಕೆಂಪು ಗಾರ್ನೆಟ್‌ನ ಕಚ್ಚಾ ಕಲ್ಲಿನಿಂದಲೇ ಹತ್ತು ಮಿಲಿಮೀಟರ್‌ನ ಹರಳು ಕಡೆದರೆ ಕಪ್ಪು ಗುಂಡಿಯಂತೆ ಕಾಣಬಹುದು.

ತೀವ್ರತೆ ಮೂರರಲ್ಲಿ ಅತ್ಯಂತ ಮುಖ್ಯವಾದದ್ದು, ಗುರುತಿಸಲು ಕಷ್ಟವಾದದ್ದೂ ಹೌದು. ಬಣ್ಣ ಎಷ್ಟು ಅಚ್ಚವಾಗಿದೆ, ಅದರಲ್ಲಿ ಬೂದು ಅಥವಾ ಕಂದು ಎಷ್ಟು ಬೆರೆತಿದೆ ಎಂಬುದು ಇಲ್ಲಿನ ಪ್ರಶ್ನೆ. ನೀಲಿ, ಹಸಿರು, ನೇರಳೆ ಹರಳುಗಳಲ್ಲಿ ಬೂದು ಬಣ್ಣದ ಮುಸುಕು ಇರುತ್ತದೆ. ಕೆಂಪು, ಕಿತ್ತಳೆ, ಹಳದಿ ಹರಳುಗಳಲ್ಲಿ ಕಂದು ಬೆರೆತಿರುತ್ತದೆ. ಹರಳು ಒಂಟಿಯಾಗಿದ್ದಾಗ ಈ ಮುಸುಕು ಕಣ್ಣಿಗೆ ಬೀಳುವುದೇ ಇಲ್ಲ.

ಇದನ್ನು ಕಲಿಯಲು ನನಗೆ ನೆರವಾದದ್ದು ಮೂರು ರೋಡೊಲೈಟ್ ಗಾರ್ನೆಟ್‌ಗಳು. ಮೂರೂ ಒಂದೇ ಗಾತ್ರ, ಮೂರೂ ದುಂಡು. ಬೇರೆಬೇರೆಯಾಗಿ ನೋಡಿದಾಗ ಮೂರನ್ನೂ ನೇರಳೆಗೆಂಪು ಎಂದೇ ಬರೆದುಕೊಂಡಿದ್ದೆ. ಬಿಳಿ ಕಾಗದದ ಮೇಲೆ ಒಂದರ ಪಕ್ಕ ಒಂದನ್ನು ಜೋಡಿಸಿ ಕಿಟಕಿಯ ಬಳಿ ಇಟ್ಟಾಗ ಎಡಗಡೆಯದು ನೇರಳೆ ಹಣ್ಣಿನ ರಸದಂತೆ ತಿಳಿಯಾಗಿ ಹೊಳೆಯಿತು. ನಡುವಿನದು ಅದಕ್ಕಿಂತ ಗಾಢ, ಆದರೆ ಅಷ್ಟೇ ಅಚ್ಚ. ಬಲಗಡೆಯದಕ್ಕೆ ಹಳೆಯ ಇಟ್ಟಿಗೆಯ ಪುಡಿ ಮೆತ್ತಿದಂತಿತ್ತು. ಕಂದು ಎಂದರೆ ಏನೆಂದು ಆ ಕ್ಷಣಕ್ಕೆ ತಿಳಿಯಿತು. ಎಡದ ಎರಡು ಹರಳುಗಳ ನಡುವೆ ಇದ್ದದ್ದು ಗಾಢತೆಯ ವ್ಯತ್ಯಾಸ, ಬಲಗಡೆಯದರಲ್ಲಿ ತೀವ್ರತೆಯೇ ಕಡಿಮೆ. ನೀವು ಕೊಳ್ಳಲಿರುವುದು ಒಂದೇ ಹರಳಾದರೂ ಅದೇ ಜಾತಿಯ ಮೂರು ನಾಲ್ಕು ಹರಳುಗಳನ್ನು ಪಕ್ಕಪಕ್ಕ ಇಡಿಸಿ ನೋಡಿ.

ಬಣ್ಣ ಎಲ್ಲೆಡೆ ಸಮನಾಗಿ ಹರಡಿದೆಯೇ ಎಂದೂ ನೋಡಬೇಕು. ಹರಳನ್ನು ಮಗುಚಿ, ಚಪ್ಪಟೆ ಮುಖ ಬಿಳಿ ಕಾಗದಕ್ಕೆ ತಾಗುವಂತೆ ಇಟ್ಟು ಮೇಲಿಂದ ನೋಡಿದರೆ ಪಟ್ಟೆಗಳು ಕಾಣುತ್ತವೆ. ನೀಲಮಣಿ, ಅಮೆಥಿಸ್ಟ್‌ಗಳಲ್ಲಿ ಇದು ಸಾಮಾನ್ಯ. ಕೆಲವು ನೀಲಮಣಿಗಳಲ್ಲಿ ಬಣ್ಣವೆಲ್ಲ ತಳದ ತುದಿಯಲ್ಲಿ ಒಂದು ಚುಕ್ಕೆಯಷ್ಟೇ ಇರುತ್ತದೆ. ಕುಶಲ ಕೆಲಸಗಾರ ಆ ಚುಕ್ಕೆಯನ್ನು ಸರಿಯಾದ ಜಾಗದಲ್ಲಿ ಉಳಿಸಿಕೊಂಡು ಕಡೆಯುತ್ತಾನೆ, ಅದರ ನೀಲಿ ಎಲ್ಲ ಮುಖಗಳಿಂದ ಪ್ರತಿಫಲಿಸಿ ಇಡೀ ಹರಳನ್ನು ತುಂಬುತ್ತದೆ. ನೇರ ನೋಟದಲ್ಲಿ ಬಣ್ಣ ತುಂಬಿ ಕಂಡರೆ ಇದನ್ನು ದೋಷವೆಂದು ನಾನು ಎಣಿಸುವುದಿಲ್ಲ. ಸ್ವಲ್ಪ ಓರೆ ಮಾಡಿದ ಕೂಡಲೇ ಹರಳು ನೀರಿನಂತೆ ಖಾಲಿಯಾದರೆ ಬಿಟ್ಟುಬಿಡುತ್ತೇನೆ.

ಟೂರ್ಮಲೀನ್, ಟಾಂಜನೈಟ್, ಅಯೊಲೈಟ್‌ಗಳು ದಿಕ್ಕು ಬದಲಾದರೆ ಬಣ್ಣವನ್ನೂ ಬದಲಿಸುತ್ತವೆ. 1967ರಲ್ಲಿ ಟಾಂಜಾನಿಯದ ಮೆರೆಲಾನಿ ಬೆಟ್ಟಗಳಲ್ಲಿ ಬೆಳಕಿಗೆ ಬಂದ ಟಾಂಜನೈಟ್‌ನಲ್ಲಿ ಒಂದು ದಿಕ್ಕಿನಿಂದ ನೀಲಿ, ಇನ್ನೊಂದು ದಿಕ್ಕಿನಿಂದ ನೇರಳೆ ಕಾಣುತ್ತದೆ. ಮೇಲಿನ ಮುಖದಿಂದ ಯಾವ ಬಣ್ಣ ಕಾಣಬೇಕು ಎಂಬುದು ಕಡೆಯುವವನ ಕೈಯಲ್ಲಿದೆ.

ಹೆಜ್ಜೆ 4: ಹರಳನ್ನು ಓಲಾಡಿಸಿ ನೋಡಿ

ಹರಳನ್ನು ಚಿಮಟದಲ್ಲಿ ಹಿಡಿದು ನಿಧಾನವಾಗಿ ಅತ್ತಿತ್ತ ಓಲಾಡಿಸಿ. ಬೆಳಕು ಮುಖದಿಂದ ಮುಖಕ್ಕೆ ಹರಿಯಬೇಕು, ಒಂದು ಆರಿದ ಹೊತ್ತಿಗೆ ಪಕ್ಕದ್ದು ಹೊತ್ತಬೇಕು. ಈಗ ಎರಡು ದೋಷಗಳನ್ನು ಹುಡುಕಿ.

ಮೊದಲನೆಯದನ್ನು ಕಿಟಕಿ ಎನ್ನುತ್ತಾರೆ. ಅಚ್ಚಾದ ಕಾಗದವೊಂದರ ಮೇಲೆ ಹರಳನ್ನು ಒಂದಿಷ್ಟು ಎತ್ತರದಲ್ಲಿ ಹಿಡಿದು ನೇರ ಮೇಲಿನಿಂದ ನೋಡಿ. ನಡುಭಾಗದಲ್ಲಿ ಅಕ್ಷರಗಳು ಕಂಡರೆ ಅಲ್ಲಿ ಕಿಟಕಿ ಇದೆ. ಒಳಹೊಕ್ಕ ಬೆಳಕು ಪ್ರತಿಫಲಿಸಿ ಮರಳದೆ ತಳದಿಂದ ಸೋರಿಹೋಗುತ್ತಿದೆ ಎಂದರ್ಥ. ಪ್ರತಿ ಖನಿಜಕ್ಕೂ ಒಂದು ಮಿತಿಕೋನವಿದೆ, ಒಳಗಿನ ಬೆಳಕು ಅದಕ್ಕಿಂತ ಓರೆಯಾಗಿ ಮುಖಕ್ಕೆ ಬಡಿದರೆ ಮಾತ್ರ ಪೂರ್ತಿ ಪ್ರತಿಫಲಿಸುತ್ತದೆ. ವಜ್ರಕ್ಕೆ ಅದು ಸುಮಾರು 24 ಡಿಗ್ರಿ, ನೀಲಮಣಿಗೆ ಸುಮಾರು 34, ಸ್ಫಟಿಕಕ್ಕೆ ಸುಮಾರು 40, ಅಮೆಥಿಸ್ಟ್ ಕೂಡ ಸ್ಫಟಿಕದ್ದೇ ಒಂದು ಬಗೆ. ತಳದ ಮುಖಗಳು ಇದಕ್ಕಿಂತ ಚಪ್ಪಟೆಯಾದರೆ ಬೆಳಕು ನಿಲ್ಲುವುದಿಲ್ಲ. ಅಮೆಥಿಸ್ಟ್‌ನ ತಳ ನೀಲಮಣಿಯ ತಳಕ್ಕಿಂತ ಕಡಿದಾಗಿರಬೇಕಾದದ್ದು ಇದರಿಂದಲೇ. ಕಿಟಕಿ ಇರುವ ಹರಳಿನ ನಡುವೆ ಬಣ್ಣ ತೊಳೆದುಹೋದಂತೆ ಕಾಣುತ್ತದೆ. ಸಾಸಿವೆಯಷ್ಟು ಕಿಟಕಿ ಇದ್ದರೆ ಸಹಿಸಬಹುದು, ಅರ್ಧ ಹರಳೇ ಕಿಟಕಿಯಾದರೆ ಕಚ್ಚಾ ಕಲ್ಲು ಎಷ್ಟೇ ಚೆನ್ನಾಗಿದ್ದರೂ ನಾನು ಕೊಳ್ಳುವುದಿಲ್ಲ.

ಎರಡನೆಯದು ಕತ್ತಲೆಯ ತೇಪೆಗಳು. ಓಲಾಡಿಸುವಾಗ ಕೆಲವು ಮುಖಗಳು ಕಪ್ಪಾಗುವುದು ಸಹಜ, ಆ ಕಪ್ಪಿನ ಎದುರಿಗೇ ಹೊಳಪು ಎದ್ದು ಕಾಣುತ್ತದೆ. ಎಷ್ಟು ತಿರುಗಿಸಿದರೂ ಹೋಗದ ಕಪ್ಪು ಮಾತ್ರ ಹರಳನ್ನು ಮಂಕು ಮಾಡುತ್ತದೆ. ತೀರಾ ಆಳವಾದ ತಳ ಇಲ್ಲವೇ ತೀರಾ ಗಾಢ ಬಣ್ಣ ಇದಕ್ಕೆ ಕಾರಣ.

ಪಕ್ಕದಿಂದಲೂ ನೋಡಿ. ಹರಳಿನ ಮೇಲ್ಭಾಗವೂ ತಳವೂ ಕೂಡುವ ಅಂಚಿಗೆ ಸೊಂಟ ಎನ್ನುತ್ತಾರೆ. ಸೊಂಟದ ಕೆಳಗೆ ಹೊಟ್ಟೆ ಉಬ್ಬಿದ್ದರೆ ಆ ತೂಕ ಮೇಲಿನಿಂದ ಕಾಣುವುದಿಲ್ಲ, ಹಣ ಮಾತ್ರ ಅದಕ್ಕೂ ಕೊಡಬೇಕು. ಸೊಂಟ ಚಾಕುವಿನ ಅಲಗಿನಷ್ಟು ತೆಳುವಾಗಿದ್ದರೆ ಕಟ್ಟುವಾಗ ಚಕ್ಕೆ ಏಳುವ ಅಪಾಯವಿದೆ.

ಹೆಜ್ಜೆ 5: ಲೂಪ್ ಹಿಡಿದು ಒಳಗೆ ನೋಡಿ

ಬರಿಗಣ್ಣಿನ ಪರೀಕ್ಷೆ ಮುಗಿಯುವವರೆಗೆ ಲೂಪ್, ಅಂದರೆ ಹರಳು ನೋಡುವ ಪುಟ್ಟ ಭೂತಗನ್ನಡಿ, ಮುಟ್ಟಬೇಡಿ. ದೋಷ ಹುಡುಕುವ ಉತ್ಸಾಹ ಒಮ್ಮೆ ಹತ್ತಿತೆಂದರೆ ಬಣ್ಣ ನೋಡುವ ತಾಳ್ಮೆ ಉಳಿಯುವುದಿಲ್ಲ.

ಹತ್ತು ಪಟ್ಟು ದೊಡ್ಡದಾಗಿ ತೋರಿಸುವ, ಮೂರು ಮಸೂರಗಳನ್ನು ಅಂಟಿಸಿ ಮಾಡಿದ ಲೂಪ್ ಕೊಳ್ಳಿ. ಒಂಟಿ ಮಸೂರದ ಭೂತಗನ್ನಡಿಯಲ್ಲಿ ಅಂಚಿಗೆ ಕಾಮನಬಿಲ್ಲಿನ ಬಣ್ಣಗಳು ಮೂಡಿ ದಾರಿ ತಪ್ಪಿಸುತ್ತವೆ. ಲೂಪನ್ನು ಕಣ್ಣಿಗೆ ತಾಗುವಷ್ಟು ಹತ್ತಿರ ಹಿಡಿಯಿರಿ, ಹರಳನ್ನು ಅದರಿಂದ ಎರಡೂವರೆ ಸೆಂಟಿಮೀಟರ್ ದೂರಕ್ಕೆ ತನ್ನಿ. ಎರಡೂ ಕೈಗಳು ಒಂದಕ್ಕೊಂದು ತಾಗಿರಲಿ, ಇಲ್ಲವಾದರೆ ನಡುಕ ನಿಲ್ಲುವುದಿಲ್ಲ. ಇನ್ನೊಂದು ಕಣ್ಣನ್ನು ಮುಚ್ಚದೆ ತೆರೆದೇ ಇಡಿ. ನೋಡುವ ಮೊದಲು ಹರಳನ್ನು ಮೆತ್ತನೆಯ ಬಟ್ಟೆಯಿಂದ ಒರೆಸಿ, ಮೇಲಿನ ಧೂಳೇ ಎಷ್ಟೋ ಸಲ ಒಳಗಿನ ಚುಕ್ಕೆಯಂತೆ ಕಾಣುತ್ತದೆ.

ಒಳಗೆ ಏನಾದರೂ ಕಂಡರೆ ಗಾಬರಿಪಡಬೇಕಿಲ್ಲ. ಹರಳು ಭೂಮಿಯೊಳಗೆ ಬೆಳೆಯುವಾಗ ಸಿಕ್ಕಿಹಾಕಿಕೊಂಡ ಬೇರೆ ಖನಿಜ, ದ್ರವದ ಹನಿ, ವಾಸಿಯಾದ ಬಿರುಕು ಇವೆಲ್ಲ ಅದರ ಜನ್ಮಗುರುತುಗಳು. ಪೆರಿಡಾಟ್‌ನಲ್ಲಿ ತಾವರೆ ಎಲೆಯಂಥ ದುಂಡು ತಟ್ಟೆಗಳು, ಡೆಮಂಟಾಯ್ಡ್ ಗಾರ್ನೆಟ್‌ನಲ್ಲಿ ಕುದುರೆ ಬಾಲದಂತೆ ಹರಡಿದ ಎಳೆಗಳು, ಮಾಣಿಕ್ಯ ಮತ್ತು ನೀಲಮಣಿಯಲ್ಲಿ ರೂಟೈಲ್ ಎಂಬ ಖನಿಜದ ರೇಷ್ಮೆಯಂಥ ಸೂಜಿಗಳು ಇರುತ್ತವೆ. ಕಾಶ್ಮೀರದ ನೀಲಮಣಿಗಳ ಹೆಸರಾಂತ ಮಖಮಲ್ಲಿನ ಹೊಳಪು ಬಂದದ್ದೇ ಒಳಗಿನ ಅತಿ ಸೂಕ್ಷ್ಮ ಕಣಗಳು ಬೆಳಕನ್ನು ಚದುರಿಸುವುದರಿಂದ.

ಜಾತಿಯನ್ನು ಬಿಟ್ಟು ಶುದ್ಧಿಯನ್ನು ಅಳೆಯಬಾರದು. ಅಕ್ವಾಮರೀನ್, ಟಾಂಜನೈಟ್‌ಗಳು ಸಾಮಾನ್ಯವಾಗಿ ತಿಳಿನೀರಿನಂತೆಯೇ ಸಿಗುತ್ತವೆ, ಅವುಗಳಲ್ಲಿ ಬರಿಗಣ್ಣಿಗೆ ಕಾಣುವ ಚುಕ್ಕೆ ಇದ್ದರೆ ಒಪ್ಪಬೇಡಿ. ಮಾಣಿಕ್ಯ, ನೀಲಮಣಿ, ಸ್ಪಿನೆಲ್‌ಗಳಲ್ಲಿ ಲೂಪಿನಡಿ ಏನಾದರೂ ಕಾಣುವುದು ಸಹಜ. ಪಚ್ಚೆ ಮತ್ತು ಕೆಂಪು ಟೂರ್ಮಲೀನ್‌ಗಳಲ್ಲಿ ಬರಿಗಣ್ಣಿಗೂ ಕಾಣುತ್ತದೆ. ಪಚ್ಚೆಯ ಒಳಗಿನ ಪಾಚಿಯಂಥ ಜಾಲವನ್ನು ಫ್ರೆಂಚರು ತೋಟ ಎಂದು ಕರೆದಿದ್ದಾರೆ. ತೀರಾ ಶುದ್ಧವಾದ ದೊಡ್ಡ ಪಚ್ಚೆ ಸುಲಭವಾಗಿ ಸಿಕ್ಕರೆ ಹಿಗ್ಗುವ ಮೊದಲು ಅನುಮಾನಿಸಿ.

ಯಾವುದು ತೊಂದರೆ ಹಾಗಾದರೆ? ಮೇಲ್ಮೈಯನ್ನು ತಲುಪಿದ ಬಿರುಕು, ಸೊಂಟದ ಅಂಚಿನ ಬಿರುಕು, ಮೂಲೆಯ ಬಳಿಯ ಬಿರುಕು. ಇವು ಕಟ್ಟುವಾಗ ಒಡೆಯಬಹುದು. ನಡುಮುಖದ ಕೆಳಗೇ ಕುಳಿತ ಕಪ್ಪು ಚುಕ್ಕೆ ಮತ್ತೆ ಮತ್ತೆ ಪ್ರತಿಫಲಿಸಿ ಹತ್ತಾಗಿ ಕಾಣುತ್ತದೆ. ಅದೇ ಚುಕ್ಕೆ ಅಂಚಿನಲ್ಲಿದ್ದರೆ ಕಟ್ಟಿದ ಮೇಲೆ ಕಾಣದೇ ಹೋಗಬಹುದು.

ಹೆಜ್ಜೆ 6: ತೂಕದ ಜೊತೆ ಅಳತೆಯನ್ನೂ ಕೇಳಿ

ಒಂದು ಕ್ಯಾರೆಟ್ ಎಂದರೆ 0.2 ಗ್ರಾಂ, ಇದು 1907ರಲ್ಲಿ ಅಂತರರಾಷ್ಟ್ರೀಯವಾಗಿ ಒಪ್ಪಿದ ಮಾನ. ಖನಿಜಗಳ ಸಾಂದ್ರತೆ ಬೇರೆಬೇರೆ. ನೀಲಮಣಿಯ ಸಾಂದ್ರತೆ ಸುಮಾರು 4, ಅಮೆಥಿಸ್ಟ್‌ನದು 2.65. ಅದರಿಂದ ಒಂದು ಕ್ಯಾರೆಟ್ ಅಮೆಥಿಸ್ಟ್ ಒಂದು ಕ್ಯಾರೆಟ್ ನೀಲಮಣಿಗಿಂತ ಕಣ್ಣಿಗೆ ದೊಡ್ಡದು. ಆಭರಣಕ್ಕೆ ಬೇಕಾದದ್ದು ಮಿಲಿಮೀಟರ್ ಅಳತೆ. ಬೆಲೆಯನ್ನು ಸಾಮಾನ್ಯವಾಗಿ ಕ್ಯಾರೆಟ್ಟಿಗೆ ಇಂತಿಷ್ಟು ಎಂದು ಹೇಳುತ್ತಾರೆ, ಒಟ್ಟು ಬೆಲೆಯನ್ನು ನೀವೇ ಗುಣಿಸಿ ನೋಡಿಕೊಳ್ಳಿ.

ಹೆಜ್ಜೆ 7: ಹರಳು ಯಾವುದು, ಅದಕ್ಕೆ ಏನು ಮಾಡಿದ್ದಾರೆ?

ಬ್ರಿಟನ್ನಿನ ರಾಜಕಿರೀಟದ ಮುಂಭಾಗದಲ್ಲಿರುವ "ಬ್ಲ್ಯಾಕ್ ಪ್ರಿನ್ಸ್ ಮಾಣಿಕ್ಯ" ವಾಸ್ತವದಲ್ಲಿ ಕೆಂಪು ಸ್ಪಿನೆಲ್. ಶತಮಾನಗಳ ಕಾಲ ಎಲ್ಲರೂ ಅದನ್ನು ಮಾಣಿಕ್ಯವೆಂದೇ ನಂಬಿದ್ದರು. ಬಣ್ಣ ನೋಡಿ ಜಾತಿ ಹೇಳುವುದು ಅಷ್ಟು ಕಷ್ಟ. ನಮ್ಮ ಭಾಷೆಯಲ್ಲಿ ಪುಷ್ಯರಾಗ ಎಂಬ ಒಂದೇ ಹೆಸರು ಟೋಪಾಜ್‌ಗೂ ಹಳದಿ ನೀಲಮಣಿಗೂ (ನೀಲಮಣಿಯದೇ ಖನಿಜ, ಬಣ್ಣ ಮಾತ್ರ ಹಳದಿ) ಓಡಾಡುತ್ತದೆ, ಇವೆರಡರ ಬೆಲೆಯಲ್ಲಿ ಅಜಗಜಾಂತರವಿದೆ. ಖನಿಜದ ಹೆಸರನ್ನೇ ಕೇಳಿ, ಅದನ್ನೇ ರಸೀದಿಯಲ್ಲಿ ಬರೆಸಿಕೊಳ್ಳಿ.

ನಂತರ ಮೂರು ಪ್ರಶ್ನೆಗಳನ್ನು ಇದೇ ಕ್ರಮದಲ್ಲಿ ಕೇಳಿ. ಇದು ನೈಸರ್ಗಿಕವೋ, ಪ್ರಯೋಗಾಲಯದಲ್ಲಿ ಬೆಳೆಸಿದ್ದೋ? ಇದಕ್ಕೆ ಯಾವ ಸಂಸ್ಕರಣೆಯಾಗಿದೆ? ಆ ಸಂಸ್ಕರಣೆ ಶಾಶ್ವತವೋ?

ಕೃತಕ ಮಾಣಿಕ್ಯ ಹೊಸದೇನಲ್ಲ. ಫ್ರಾನ್ಸಿನ ಆಗಸ್ಟ್ ವೆರ್ನುಯಿ 1902ರಲ್ಲೇ ಅದನ್ನು ಉರಿಯಲ್ಲಿ ಬೆಳೆಸುವ ವಿಧಾನವನ್ನು ಪ್ರಕಟಿಸಿದ್ದ. ಆ ವಿಧಾನದ ಹರಳಿನ ಬೆಳವಣಿಗೆಯ ಗೆರೆಗಳು ಬಾಗಿರುತ್ತವೆ, ನೈಸರ್ಗಿಕ ಹರಳಿನಲ್ಲಿ ಅವು ನೇರವಾಗಿದ್ದು ಕೋನದಲ್ಲಿ ಮುರಿಯುತ್ತವೆ. ಬೇರೆ ವಿಧಾನಗಳಲ್ಲಿ ಬೆಳೆಸಿದ ಹರಳುಗಳನ್ನು ಲೂಪಿನಿಂದ ಗುರುತಿಸುವುದು ಬಹಳ ಕಷ್ಟ.

ಕಾಯಿಸುವುದು ಅತ್ಯಂತ ಹಳೆಯ ಮತ್ತು ವ್ಯಾಪಕ ಸಂಸ್ಕರಣೆ. ಮಾರುಕಟ್ಟೆಯ ಬಹುಪಾಲು ಮಾಣಿಕ್ಯ, ನೀಲಮಣಿಗಳು ಕಾದು ಬಂದಿರುತ್ತವೆ. ಬಹುತೇಕ ಎಲ್ಲ ಟಾಂಜನೈಟ್ ಕಂದಿನಿಂದ ನೀಲಿಗೆ ತಿರುಗಿರುವುದು ಶಾಖದಿಂದಲೇ. ಇದು ಶಾಶ್ವತ, ವ್ಯಾಪಾರದಲ್ಲಿ ಒಪ್ಪಿತ, ಹೇಳಿ ಮಾರಿದರೆ ಅದರಲ್ಲಿ ಅನ್ಯಾಯವಿಲ್ಲ. ಮೊದಲ ಹರಳಿಗೆ ಕಾಯಿಸಿದ ನೀಲಮಣಿ ಧಾರಾಳವಾಗಿ ಸಾಕು. ಪಚ್ಚೆಯ ಬಿರುಕುಗಳಿಗೆ ಎಣ್ಣೆ ಅಥವಾ ರಾಳ ತುಂಬುವುದೂ ರೂಢಿ. ಎಷ್ಟು ತುಂಬಿದ್ದಾರೆ ಎಂಬುದು ಮುಖ್ಯ, ಅಂಥ ಪಚ್ಚೆಯನ್ನು ಅಲ್ಟ್ರಾಸೋನಿಕ್ ಯಂತ್ರದಲ್ಲಿ ತೊಳೆಯಬಾರದು. ನೀಲಿ ಟೋಪಾಜ್‌ನ ಬಣ್ಣ ಬಹುತೇಕ ವಿಕಿರಣ ಮತ್ತು ಶಾಖದಿಂದ ಬಂದದ್ದು.

ಹೆಚ್ಚು ಎಚ್ಚರ ಬೇಕಾದದ್ದು ಸೀಸದ ಗಾಜು ತುಂಬಿದ ಮಾಣಿಕ್ಯದ ವಿಷಯದಲ್ಲಿ. ಬಿರುಕು ತುಂಬಿದ, ಆಭರಣಕ್ಕೆ ಲಾಯಕ್ಕಿಲ್ಲದ ಕಲ್ಲಿಗೆ ಗಾಜು ಇಳಿಸಿ ತಿಳಿಯಾಗಿ ಕಾಣುವಂತೆ ಮಾಡುತ್ತಾರೆ. ಓಲಾಡಿಸುವಾಗ ಬಿರುಕಿನಲ್ಲಿ ನೀಲಿ ಮಿಂಚು, ಒಳಗೆ ಸಣ್ಣ ಗುಳ್ಳೆಗಳು ಕಂಡರೆ ಕೆಳಗಿಡಿ. ಅಕ್ಕಸಾಲಿಗನ ಉರಿಗೂ ಆಮ್ಲಕ್ಕೂ ಆ ಗಾಜು ಹಾಳಾಗುತ್ತದೆ. ಅಗ್ಗದ ಬೆಲೆಗೆ ದೊಡ್ಡ ಮಾಣಿಕ್ಯ ಸಿಕ್ಕಿತೆಂದು ಸಂತೋಷದಿಂದ ತೋರಿಸಿದವರ ಕೈಯಲ್ಲಿ ಇದನ್ನು ಕಂಡಾಗ ನನಗೆ ನಿಜವಾಗಿ ನೋವಾಗಿದೆ.

ಹೆಜ್ಜೆ 8: ವರದಿಯನ್ನು ಓದುವುದು

ಸಣ್ಣ ಗಾರ್ನೆಟ್‌ಗೆ ವರದಿ ಬೇಡ, ವರದಿಯ ಶುಲ್ಕವೇ ಹರಳಿನ ಬೆಲೆಯನ್ನು ಮೀರಬಹುದು. ಮಾಣಿಕ್ಯ, ನೀಲಮಣಿ, ಪಚ್ಚೆ, ಅಲೆಕ್ಸಾಂಡ್ರೈಟ್‌ಗಳಿಗೆ ಬೇಕು. ಜಿಐಎ, ಎಸ್‌ಎಸ್‌ಇಎಫ್, ಗ್ಯೂಬೆಲಿನ್‌ನಂಥ ಪ್ರಯೋಗಾಲಯಗಳ ವರದಿಯಲ್ಲಿ ಖನಿಜದ ಹೆಸರು, ಅದು ನೈಸರ್ಗಿಕವೋ ಅಲ್ಲವೋ ಎಂಬುದು, ಸಂಸ್ಕರಣೆ, ತೂಕ, ಅಳತೆ ಇರುತ್ತವೆ. ವರದಿಯ ತೂಕವನ್ನೂ ಮಿಲಿಮೀಟರ್ ಅಳತೆಯನ್ನೂ ಕೈಯಲ್ಲಿರುವ ಹರಳಿಗೆ ಹೋಲಿಸಿ, ವರದಿಯ ಸಂಖ್ಯೆಯನ್ನು ಆ ಸಂಸ್ಥೆಯ ಜಾಲತಾಣದಲ್ಲಿ ಪರೀಕ್ಷಿಸಿ. ವರದಿ ಹರಳಿನ ಗುರುತಿನ ಚೀಟಿ ಇದ್ದಂತೆ, ಸೌಂದರ್ಯಕ್ಕೆ ಕೊಟ್ಟ ಅಂಕಪಟ್ಟಿಯೆಂದು ಓದಬೇಡಿ. "ಎಎಎ" ಎಂಬ ದರ್ಜೆಗೆ ಬಣ್ಣದ ಹರಳುಗಳಲ್ಲಿ ಎಲ್ಲರೂ ಒಪ್ಪಿದ ಅರ್ಥವಿಲ್ಲ, ಅದು ಮಾರುವವರ ಮಾತು.

ಊರಿನ ಹೆಸರಿಗೆ ಹಣ ಕೊಡುವ ಮೊದಲು ಯೋಚಿಸಿ. ಮ್ಯಾನ್ಮಾರ್‌ನ ಮೊಗೋಕ್ ಮಾಣಿಕ್ಯಗಳಲ್ಲಿ ಕಬ್ಬಿಣ ಕಡಿಮೆ. ಬಿಸಿಲಿನ ನೇರಳಾತೀತ ಕಿರಣಗಳಿಗೆ ಅವುಗಳಲ್ಲಿರುವ ಕ್ರೋಮಿಯಂ ಕೆಂಪಾಗಿ ಬೆಳಗುತ್ತದೆ, ಕೆಂಡದಂಥ ಆ ಹೊಳಪಿನಿಂದಲೇ ಅವಕ್ಕೆ ಹೆಸರು ಬಂದಿದೆ. ಆದರೆ ಮೊಗೋಕ್‌ನಲ್ಲಿ ಕಳಪೆ ಕಲ್ಲೂ ಹುಟ್ಟುತ್ತದೆ.

ಹೆಜ್ಜೆ 9: ಫೋಟೊ ನೋಡಿ ಕೊಳ್ಳುವುದಾದರೆ

ಒಂದೇ ಫೋಟೊವನ್ನು ನಂಬಬೇಡಿ. ಮೊಬೈಲ್ ಕ್ಯಾಮೆರಾ ಬಿಳಿಯನ್ನು ತಾನೇ ಊಹಿಸಿ ಬಣ್ಣಗಳನ್ನು ತಿದ್ದುತ್ತದೆ, ಹಸಿರು ಮತ್ತು ನೇರಳೆ ಹರಳುಗಳಲ್ಲಿ ಹೆಚ್ಚು ಎಡವುತ್ತದೆ. ಬೆರಳಸಂದಿನಲ್ಲಿ ಹಿಡಿದು ಓಲಾಡಿಸುವ ವಿಡಿಯೊ ಕೇಳಿ, ಒಂದು ಕಿಟಕಿಯ ಬೆಳಕಿನಲ್ಲಿ, ಒಂದು ಹಳದಿ ದೀಪದಡಿ. ವಿಡಿಯೊದಲ್ಲಿ ಚರ್ಮದ ಬಣ್ಣ ಸಹಜವಾಗಿ ಕಾಣದಿದ್ದರೆ ಹರಳಿನ ಬಣ್ಣವೂ ಸಹಜವಲ್ಲ. ಮರಳಿಸುವ ಅವಕಾಶ ಎಷ್ಟು ದಿನ ಎಂಬುದನ್ನು ಲಿಖಿತವಾಗಿ ಪಡೆಯಿರಿ. ಅದು ಇಲ್ಲದಿದ್ದರೆ ಮೊದಲ ಹರಳನ್ನು ದೂರದಿಂದ ಕೊಳ್ಳಬೇಡಿ.

ಯಾವುದರಿಂದ ಶುರು ಮಾಡಲಿ?

ಕೇಳಿದವರಿಗೆಲ್ಲ ನಾನು ಗಾರ್ನೆಟ್ ಅಥವಾ ಸ್ಪಿನೆಲ್ ಎನ್ನುತ್ತೇನೆ. ಎರಡನ್ನೂ ಸಾಮಾನ್ಯವಾಗಿ ಸಂಸ್ಕರಿಸುವುದಿಲ್ಲ, ಹಾಗಾಗಿ ಏಳನೆಯ ಹೆಜ್ಜೆಯ ಅರ್ಧ ತಲೆನೋವು ಇರುವುದಿಲ್ಲ. ಎರಡೂ ದಿಕ್ಕಿಗೊಂದು ಬಣ್ಣ ತೋರಿಸುವುದಿಲ್ಲ, ಆದ್ದರಿಂದ ವರ್ಣ, ಗಾಢತೆ, ತೀವ್ರತೆಗಳನ್ನು ಅವುಗಳಲ್ಲಿ ಕಲಿಯುವುದು ಸುಲಭ. ಅಮೆಥಿಸ್ಟ್ ಕೂಡ ಒಳ್ಳೆಯ ಗುರು. ಅದು ದೊಡ್ಡ ಗಾತ್ರದಲ್ಲಿ ಶುದ್ಧವಾಗಿ ಸಿಗುವುದರಿಂದ ಕಿಟಕಿ, ಕತ್ತಲೆ, ಪಟ್ಟೆ ಎಲ್ಲವೂ ಎದ್ದು ಕಾಣುತ್ತವೆ. ವರ್ಷಗಟ್ಟಲೆ ಬಿಸಿಲಿಗೆ ಬಿಟ್ಟರೆ ಕೆಲವು ಅಮೆಥಿಸ್ಟ್‌ಗಳ ಬಣ್ಣ ಮಾಸುತ್ತದೆ, ಅಷ್ಟು ನೆನಪಿರಲಿ. ಪಚ್ಚೆಯನ್ನು ಮೊದಲ ಖರೀದಿಗೆ ನಾನು ಸೂಚಿಸುವುದಿಲ್ಲ. ಎಣ್ಣೆ, ಬಿರುಕು, ಬಣ್ಣ ಮೂರನ್ನೂ ಒಟ್ಟಿಗೆ ತೂಗಲು ಕಣ್ಣು ಪಳಗಿರಬೇಕು.

ಹರಳು ಮನೆಗೆ ಬಂದ ಮೇಲೆ, ಮರಳಿಸುವ ಅವಧಿ ಮುಗಿಯುವ ಮೊದಲು, ಬೆಳಗ್ಗೆ ಎಂಟಕ್ಕೆ, ಮಧ್ಯಾಹ್ನ, ಮುಸ್ಸಂಜೆ, ರಾತ್ರಿ ದೀಪದಡಿ ನಾಲ್ಕು ಹೊತ್ತು ನೋಡಿ. ಪ್ರತಿ ಸಲವೂ ವರ್ಣ, ಗಾಢತೆ, ತೀವ್ರತೆಯನ್ನು ಒಂದು ಚೀಟಿಯಲ್ಲಿ ಬರೆಯಿರಿ. ಹರಳು ಒಂದೊಂದು ಹೊತ್ತಿನಲ್ಲಿ ಒಂದೊಂದು ಬಗೆಯಾಗಿ ಕಾಣಲಿ, ಯಾವ ಹೊತ್ತಿನಲ್ಲೂ ಬಣ್ಣ ಪೂರ್ತಿ ಸಾಯದಿದ್ದರೆ ಇಟ್ಟುಕೊಳ್ಳಿ. ಚೀಟಿಯನ್ನು ಅದೇ ಪೊಟ್ಟಣದಲ್ಲಿ ಮಡಿಸಿಡಿ, ಎರಡನೆಯ ಹರಳು ಕೊಳ್ಳುವಾಗ ಹೋಲಿಸಲು ಬೇಕಾಗುತ್ತದೆ. ಎರಡು ಹರಳುಗಳನ್ನು ಮಾತ್ರ ಒಂದೇ ಪೊಟ್ಟಣದಲ್ಲಿ ಇಡಬೇಡಿ, ಗಟ್ಟಿಯಾದದ್ದು ಮೆತ್ತಗಿನದನ್ನು ಗೀರುತ್ತದೆ.